ಮುಂದೂಡಿದವರ ಹೆಸರು

ಆ ಕಂಪನಿಯ ಯೋಜನಾ ವಿಭಾಗದಲ್ಲಿ ಕೆಲಸ ಮುಗಿಸುವುದಕ್ಕಿಂತ ಅದರ ತಾರೀಕನ್ನು ಮುಂದೆ ತಳ್ಳುವುದು ಸುಲಭವಿತ್ತು. ಕಂಪ್ಯೂಟರಿನ ಹಾಳೆಯಲ್ಲಿ ಗಡುವು ಮೀರಿದ ಕೆಲಸ ಕೆಂಪಾಗುತ್ತಿತ್ತು. ತಾರೀಕು ಬದಲಿಸಿದರೆ ಸಾಕು, ಮರುಕ್ಷಣವೇ ಹಸಿರು. ಹತ್ತಾರು ದೇಶಗಳಲ್ಲಿ ಗ್ಯಾಸ್ ಪೈಪು, ಕಂಪ್ರೆಸರುಗಳನ್ನು ನೋಡಿಕೊಳ್ಳುವ ಅಷ್ಟು ದೊಡ್ಡ ಕಂಪನಿಗೆ ಈ ಬಣ್ಣದಾಟ ಕಲಿಸಿಕೊಟ್ಟವಳು ಯಾರು ಅಂತೀರಿ? ಎಲ್ಲರೂ ಪ್ಲ್ಯಾನರಮ್ಮ ಎಂದು ಕರೆಯುವ ಇವಳೇ. ಎಂಟು ವರ್ಷದ ಹಿಂದೆ ಆ ಸೂತ್ರ ಬರೆದು ಬೆನ್ನು ತಟ್ಟಿಸಿಕೊಂಡಿದ್ದಳು.

ಈಗ ಅದೇ ಸೂತ್ರ ಅವಳ ಹೊಟ್ಟೆ ಉರಿಸುತ್ತಿತ್ತು. ಮೂರನೇ ಕಂಪ್ರೆಸರಿನ ಸೇಫ್ಟಿ ವಾಲ್ವ್ ಬದಲಿಸಬೇಕಿತ್ತು. ಒತ್ತಡ ಮಿತಿಮೀರಿದಾಗ ತಾನಾಗಿ ತೆರೆದುಕೊಂಡು ಗ್ಯಾಸ್ ಹೊರಬಿಡಬೇಕಾದ ವಾಲ್ವ್ ಅದು; ತೆರೆಯದಿದ್ದರೆ ಹತ್ತಿರ ಇದ್ದವರ ಕಥೆ ಮುಗಿಯಿತು. ಬದಲಿಸಲು ಎರಡು ದಿನ ಲೈನು ನಿಲ್ಲಿಸಬೇಕು. ಲೈನು ನಿಲ್ಲಿಸುವುದೆಂದರೆ ಮ್ಯಾನೇಜರಿಗೆ ಜೀವ ಹೋದ ಹಾಗೆ. ಹೀಗಾಗಿ ಎರಡು ವರ್ಷದಲ್ಲಿ ತಾರೀಕು ಐದು ಸಲ ಮುಂದೆ ಹೋಗಿತ್ತು. ಆ ಕಂಪ್ರೆಸರಿನ ಫಿಟ್ಟರ್ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ.

ಪ್ರತಿ ಭಾನುವಾರದಂತೆ ಊಟಕ್ಕೆ ಬಂದವನನ್ನು ಆ ವಾಲ್ವಿನ ಬಗ್ಗೆ ಕೇಳಿದಳು. ಅವನು ನಕ್ಕುಬಿಟ್ಟ.

"ಹಾಳೇಲಿ ಹಸಿರಿದೆ ಅಂದ್ರೆ ಇನ್ನೂ ಟೈಮಿದೆ ಅಂತ ತಾನೇ? ಬೇರೆಯವರು ಮಾಡಿದ್ದಾದ್ರೆ ಎರಡು ಸಲ ನೋಡ್ತಿದ್ದೆ. ನೀನು ಮಾಡಿದ್ದು, ನೋಡೋದೇನಿದೆ ಅಕ್ಕಾ?"

ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ನಿಜ ಮಾತ್ರ ಹೇಳಲಿಲ್ಲ.

ಮರುದಿನ ಮ್ಯಾನೇಜರನ ಬಳಿ ಹೋದಳು. ಆತ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡಿದ. ಮುಂದಿನ ವರ್ಷದ ಯೋಜನೆಗೆ ಸೇರಿಸೋಣ, ಗುರುವಾರ ಮೇಲಿನವರ ಪರಿಶೀಲನೆ ಇದೆ, ಒಂದೂ ಕೆಂಪು ಕಾಣಬಾರದು, ನೀವೂ ಬಡ್ತಿಯ ಪಟ್ಟಿಯಲ್ಲಿದ್ದೀರಿ ಎಂದ. ಅವಳ ಪಿತ್ತ ನೆತ್ತಿಗೇರಿತು. ಹಳೆಯ ತಾರೀಕು ಅಳಿಸಿದ ಕೂಡಲೇ ತಳ್ಳಿದವನ ಗುರುತೂ ಅಳಿಸಿಹೋಗುತ್ತದಲ್ಲ, ಅದೇ ಇವರ ಧೈರ್ಯ. ಥೂ, ಇದಕ್ಕೆ ಯೋಜನೆ ಅಂತ ಹೆಸರು ಬೇರೆ.

ಮೂರು ದಿನ ಹಳೆಯ ಇ-ಮೇಲುಗಳನ್ನೆಲ್ಲ ಕೆದಕಿದಳು. ಆ ವಾಲ್ವನ್ನು ಮೊದಲ ಸಲ ಮುಂದೆ ತಳ್ಳಿದ್ದು ತಾನೇ ಎಂಬುದು ಅಲ್ಲಿ ಕಪ್ಪು ಅಕ್ಷರದಲ್ಲಿ ಕೂತಿತ್ತು. ಬೈಗುಳ ತಪ್ಪಿಸಿಕೊಳ್ಳಲು ಮಾಡಿದ್ದಳು, ಮರೆತೂಬಿಟ್ಟಿದ್ದಳು. ತನ್ನ ಮೇಲೆಯೇ ಹಲ್ಲು ಕಡಿಯುತ್ತ ಸೂತ್ರ ತಿದ್ದಿದಳು: ಇನ್ನು ಬಣ್ಣ ಬರುವುದು ಮೊಟ್ಟಮೊದಲ ತಾರೀಕಿನ ಪ್ರಕಾರ. ಜೊತೆಗೆ ಒಂದು ಹೊಸ ಕಾಲಂ ಸೇರಿಸಿದಳು.

ಗುರುವಾರ ಸಭೆಯ ಪರದೆ ಅರ್ಧಕ್ಕರ್ಧ ಕೆಂಪಾಯಿತು. ಹೊಸ ಕಾಲಮಿನ ಮೇಲೆ 'ಮುಂದೂಡಿದವರ ಹೆಸರು' ಎಂದಿತ್ತು. ಮೂರನೇ ಕಂಪ್ರೆಸರಿನ ಸಾಲಿನಲ್ಲಿ ಮ್ಯಾನೇಜರನ ಹೆಸರು ನಾಲ್ಕು ಸಲ. ವಿಡಿಯೊದಲ್ಲಿದ್ದ ಮೇಲಿನವರು ಕನ್ನಡಕ ಸರಿಮಾಡಿಕೊಂಡರು. ಮ್ಯಾನೇಜರ್ ಬೆವರೊರೆಸಿಕೊಳ್ಳುತ್ತ, ಏನೋ ತಪ್ಪಾಗಿದೆ, ಈಗಲೇ ತೆಗೆಸುತ್ತೇನೆ ಎಂದ.

"ತೆಗೀಬೇಡಿ," ಎಂದಳು ಅವಳು. "ಐದರಲ್ಲಿ ಮೊದಲನೇದು ನನ್ನ ಹೆಸರು. ಅದನ್ನ ಓದಿ, ಆಮೇಲೆ ನಿಮ್ಮದನ್ನ ಓದಿ. ಇನ್ನೊಂದು ಸಲ ಮುಂದೂಡೋದಾದ್ರೆ ಎಲ್ಲರೆದುರು ಆರನೇ ಹೆಸರು ಹೇಳಿ. ಬರ್ಕೋತೀನಿ."

ಅಷ್ಟು ದೊಡ್ಡ ಕಂಪನಿಯಲ್ಲಿ ಆ ಕಾಲಮಿಗೆ ಹೆಸರು ಕೊಡಲು ಒಬ್ಬ ಗಂಡಸೂ ಇಲ್ಲ, ಹೆಂಗಸೂ ಇಲ್ಲ. ಮರುದಿನ ಬೆಳಿಗ್ಗೆ ವಾಲ್ವ್ ಬದಲಿಸಲು ಲೈನು ನಿಂತಿತು. ಅವಳಿಗೆ ಹಳೆ ಕಡತಗಳ ಕೋಣೆಗೆ ಎತ್ತಂಗಡಿಯೂ ಆಯಿತು. ಅದನ್ನವಳು ನಿರೀಕ್ಷಿಸಿಯೇ ಇದ್ದಳು.

ಶನಿವಾರ ಮಧ್ಯಾಹ್ನ ತಮ್ಮನ ಫೋನು ಬಂತು. ಹಳೆ ವಾಲ್ವ್ ಬಿಚ್ಚಿದೆ ಎಂದ. ಈ ಸಲ ದನಿಯಲ್ಲಿ ನಗು ಇರಲಿಲ್ಲ.

"ಒಳಗೆಲ್ಲ ತುಕ್ಕು ಹಿಡಿದು ಅಂಟಿಕೊಂಡುಬಿಟ್ಟಿದೆ, ಸುತ್ತಿಗೇಲಿ ಹೊಡೆದ್ರೂ ತೆರೀತಿಲ್ಲ. ಎರಡು ವರ್ಷ ದಿನಾ ಇದರ ಪಕ್ಕದಲ್ಲೇ ಕೂತು ಬುತ್ತಿ ಬಿಚ್ಚಿದೀನಿ. ಇದರ ಗಡುವು ಮೀರಿದೆ ಅಂತ ನಿನಗೆ ಮೊದಲೇ ಗೊತ್ತಿತ್ತಾ ಅಕ್ಕಾ?"

"ಗೊತ್ತಿತ್ತು," ಎಂದಳು.

ಅವನು ಫೋನು ಇಟ್ಟುಬಿಟ್ಟ. ಮರುದಿನ ಭಾನುವಾರ, ಊಟಕ್ಕೆ ಅವನಿಗೆಂದು ಹಾಕಿದ ತಟ್ಟೆ ಹಾಗೆಯೇ ಇತ್ತು.