ಬಟನ್ ಇಲ್ಲದ ರೀಡರ್

ನನ್ನ ಹಳೆಯ ರೀಡರ್ ಕಣ್ಣು ಮುಚ್ಚಿದ ವಾರ ನಮ್ಮ ಮನೆಯಲ್ಲಿ ಅನ್ನ ಎರಡು ಸಲ ಸೀದುಹೋಯಿತು. ಯಜಮಾನರು ತುಟಿ ಪಿಟಕ್ಕೆನ್ನದೆ ಉಂಡರು. ಒಂದು ಮಾತು ಆಡಿದ್ದರೂ ನಾನು ಜಗಳಕ್ಕೆ ತಯಾರಾಗೇ ಕೂತಿದ್ದೆ.

ರೀಡರ್ ಅಂದರೆ ಪುಸ್ತಕ ಓದುವ ಯಂತ್ರ. ಮಕ್ಕಳ ಸ್ಲೇಟಿನಷ್ಟು ಇರುತ್ತದೆ, ಬೀರು ತುಂಬುವಷ್ಟು ಪುಸ್ತಕ ಹಿಡಿಸುತ್ತದೆ. ನನಗೆ ಬೇಕಾದ ಕನ್ನಡ ಪುಸ್ತಕ ಆಂಧ್ರದ ಈ ಹಿಂದೂಪುರದಲ್ಲಿ ಎಲ್ಲಿ ಹುಡುಕಲಿ? ಅದಕ್ಕೇ ಅದು ನನ್ನ ಪ್ರಾಣವಾಗಿತ್ತು. ಅದರ ಎರಡೂ ಪಕ್ಕದಲ್ಲಿ ಉದ್ದನೆಯ ಬಟನ್ ಇದ್ದವು. ನಾನು ಮಾಡುವ ಕೆಲಸ ಸೀರೆಗೆ ಕುಚ್ಚು ಕಟ್ಟುವುದು. ಎರಡೂ ಕೈ ಸೆರಗಿನ ಎಳೆಗಳಲ್ಲಿ ಸಿಕ್ಕಿಕೊಂಡಿರುತ್ತವೆ. ರೀಡರನ್ನು ಗೋಡೆಗೆ ಒರಗಿಸಿಟ್ಟು, ಪುಟ ಮುಗಿದಾಗ ಮೊಣಕೈಯಿಂದ ಬಟನ್ ಒತ್ತಿದರೆ ಮುಂದಿನ ಪುಟ ಬರುತ್ತಿತ್ತು. ಹಾಗೆ ಓದುತ್ತಾ ಎಷ್ಟು ಮದುವೆಗಳ ಸೀರೆ ಕಟ್ಟಿದ್ದೇನೋ ನನಗೇ ಗೊತ್ತಿಲ್ಲ.

ಅದನ್ನು ಕೊಡಿಸಿದವಳು ಬನಶ್ರೀ. ನನ್ನ ಅಣ್ಣನ ಹೆಂಡತಿ. ಅತ್ತಿಗೆ ಆಗುವುದಕ್ಕೆ ಮೊದಲು ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದವಳು. ಅವಳನ್ನು ನಮ್ಮ ಮನೆಗೆ ತಂದುಕೊಳ್ಳೋಣ ಅಂತ ಅಪ್ಪನ ಬೆನ್ನು ಬಿದ್ದವಳೇ ನಾನು. ಅಣ್ಣ ಕಲ್ಯಾಣದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟ ಮೇಲೆ ಅವಳು ಅಲ್ಲಿಯವಳಾದಳು. ಒಮ್ಮೆ ಒಂದೇ ಥರದ ಎರಡು ರೀಡರ್ ತರಿಸಿ, ಎರಡನ್ನೂ ತನ್ನ ಫೋನ್ ನಂಬರಿನ ಅಕೌಂಟಿಗೇ ಸೇರಿಸಿ, ಒಂದನ್ನು ನನಗೆ ಕಳಿಸಿದಳು. ಒಬ್ಬಳು ತರಿಸಿದ ಪುಸ್ತಕ ಇಬ್ಬರಿಗೂ ಬರುತ್ತಿತ್ತು. ಒಬ್ಬಳು ಗೆರೆ ಎಳೆದರೆ ಇನ್ನೊಬ್ಬಳಿಗೆ ಕಾಣುತ್ತಿತ್ತು. ಕಥೆಯಲ್ಲಿ ಗಂಡಸರು ಬುದ್ಧಿ ಹೇಳುವ ಕಡೆಯೆಲ್ಲ ಅವಳು ಗೆರೆ ಎಳೆದು ‘ಹೌದಾ ಸ್ವಾಮಿ’ ಅಂತ ಬರೆದಿರುತ್ತಿದ್ದಳು. ನಾನು ಕುಚ್ಚು ಬಿಟ್ಟು ನಗುತ್ತಾ ಕೂರುತ್ತಿದ್ದೆ.

ಎರಡು ವರ್ಷದ ಹಿಂದೆ ಅದೆಲ್ಲ ನಿಂತಿತು. ಅವಳ ಮಗಳು ಮೇಘನಾ ತೊಟ್ಟಿಲಲ್ಲಿದ್ದಾಗಲೇ ನನ್ನ ಮಗ ತಿರುಮಲೇಶನಿಗೆ ಅಂತ ಮಾತಾಗಿತ್ತು. ದೊಡ್ಡವರಾದ ಮೇಲೆ ಮಕ್ಕಳಿಬ್ಬರೂ ಸೇರಿಕೊಂಡೇ ಬೇಡ ಅಂದರು. ಅವರಿಗೆ ಅದರಿಂದ ಏನೂ ಆಗಲಿಲ್ಲ, ಈಗಲೂ ದಿನಾ ಹರಟುತ್ತಾರೆ. ಕಿತ್ತಾಡಿದ್ದು ತಾಯಂದಿರು. ನನ್ನ ಮಗ ಅವಳ ಮಗಳ ತಲೆ ಕೆಡಿಸಿದ ಅಂತ ಅವಳು, ಅವಳ ಮಗಳೇ ಇವನ ತಲೆ ಕೆಡಿಸಿದಳು ಅಂತ ನಾನು. ಆಮೇಲೆ ಮಾತಿಲ್ಲ, ಫೋನಿಲ್ಲ. ಹಬ್ಬಕ್ಕೆ ಅಣ್ಣ ಫೋನ್ ಮಾಡಿ ಯೋಗಕ್ಷೇಮ ಕೇಳಿ ಇಟ್ಟುಬಿಡುತ್ತಾನೆ. ಗೆರೆಗಳೂ ನಿಂತವು.

ಆದರೆ ಒಂದು ನಿಲ್ಲಲಿಲ್ಲ. ಇನ್ನೊಬ್ಬಳು ಮುಂದಿದ್ದರೆ ಪುಸ್ತಕ ತೆರೆದ ಕೂಡಲೇ ರೀಡರ್ ಕೇಳುತ್ತಿತ್ತು: ಇನ್ನೊಂದು ಯಂತ್ರದಲ್ಲಿ ಇಷ್ಟು ಪುಟದವರೆಗೆ ಓದಿದ್ದಾರೆ, ಅಲ್ಲಿಗೆ ಹೋಗಬೇಕೇ? ಬೇಡ ಅಂತ ಒತ್ತಿ ನಾನು ನನ್ನ ಪುಟ ಓದುತ್ತಿದ್ದೆ. ಅವಳು ಯಾವತ್ತೂ ನನಗಿಂತ ಮುಂದೆ, ಶಾಲೆಯಲ್ಲೂ ಹಾಗೇ. ಆ ಪ್ರಶ್ನೆ ಬಂದರೆ ಸಾಕು, ಅವಳು ಚೆನ್ನಾಗಿದ್ದಾಳೆ, ಊಟ ಮಾಡಿ ಕಾಲು ಚಾಚಿಕೊಂಡು ಓದಿದ್ದಾಳೆ ಅಂತ ಗೊತ್ತಾಗುತ್ತಿತ್ತು. ನಿಜ ಹೇಳಬೇಕೆಂದರೆ ಕೊನೆಕೊನೆಗೆ ನಾನು ಪುಸ್ತಕ ತೆರೆಯುತ್ತಿದ್ದದ್ದು ಆ ಪ್ರಶ್ನೆಗಾಗಿಯೇ. ಕೊನೆಯ ಪುಸ್ತಕದಲ್ಲಿ ಮಾತ್ರ ಹಟ ಹಿಡಿದು ಓದಿ ಅವಳನ್ನು ಹಿಂದೆ ಹಾಕಿದೆ. ಅವಳ ರೀಡರೂ ಆ ಪ್ರಶ್ನೆ ಕೇಳಲಿ, ನೋಡಿ ಉರಿದುಕೊಳ್ಳಲಿ ಅಂತ. ಮಾರನೆಯ ದಿನವೇ ನನ್ನ ರೀಡರ್ ಸತ್ತಿತು.

ಬಸ್ ಸ್ಟ್ಯಾಂಡ್ ಹತ್ತಿರದ ಮೊಬೈಲ್ ಅಂಗಡಿಯ ಓಬುಳಪತಿ ಅದನ್ನು ಬಿಚ್ಚಿ ನೋಡಿ ತಲೆಯಾಡಿಸಿದ.

“ಬ್ಯಾಟ್ರಿ ಉಬ್ಬೋಗೈತೆ ಅಕ್ಕಾ. ಈ ಮಾಡೆಲ್ಲೇ ನಿಲ್ಸ್‌ಬುಟ್ಟವ್ರೆ ಕಂಪ್ನಿಯೋರು. ಪಾರ್ಟ್ಸೂ ಬರಾಕಿಲ್ಲ.”

“ಇಂಥದ್ದೇ ಬೇಕು ಕಣಪ್ಪ. ಬಟನ್ ಇರೋದು.”

ತಿಂಗಳುಗಟ್ಟಲೆ ಹುಡುಕಿದರು, ಅವನೂ ನನ್ನ ಮಗನೂ. ಬಟನ್ ಇಲ್ಲದ್ದನ್ನು ತೋರಿಸಿದರೆ ನಾನು ಅಲ್ಲೇ ಮೊಣಕೈ ಆಡಿಸಿ, ಇದಕ್ಕೆ ಬೆರಳೇ ತಾಗಬೇಕು, ರವಿಕೆ ತೋಳಿನಿಂದ ಪುಟ ತಿರುಗುವುದಿಲ್ಲ ನೋಡಿ ಅಂತ ತೋರಿಸಿ ಎದ್ದು ಬರುತ್ತಿದ್ದೆ. ಕೊನೆಗೆ ಒಂದು ದಿನ ಓಬುಳಪತಿ ಎರಡು ಡಬ್ಬ ಮುಂದಿಟ್ಟ.

“ಅಕ್ಕಾ, ಚೂಡಂಡಿ, ನೋಡ್ರಿ. ಇದು ಬ್ಯಾರೆ ಕಂಪ್ನೀದು. ಬಟನ್ ಐತೆ, ಎರಡೂ ಕಡೆ. ನಿಮ್ಮ ನಂಬರ್‌ನಾಗೇ ಹೊಸ ಅಕೌಂಟ್ ಮಾಡ್ಕೊಡ್ತೀನಿ. ಇನ್ನೊಂದು ಹಳೇ ಕಂಪ್ನೀದೇ, ಬಟನ್ ಇಲ್ಲ. ಹಳೇ ಅಕೌಂಟೇ ನಡೀತದೆ, ಆದ್ರೆ ಆ ನಂಬರ್‌ಗೆ ಓಟಿಪಿ ಹೋಯ್ತದೆ. ಆ ನಂಬರ್ ಯಾರ್ದು?”

ನಾನು ಬಟನ್ ಇದ್ದದ್ದನ್ನು ಕೈಗೆ ತೆಗೆದುಕೊಂಡು ಮೊಣಕೈಯಿಂದ ಒತ್ತಿದೆ. ಟಕ್ ಅಂತ ಪುಟ ತಿರುಗಿತು. ಎಲ್ಲ ನನ್ನ ಹಳೆಯದರಂತೆಯೇ ಇತ್ತು, ಬನಶ್ರೀ ಮಾತ್ರ ಇರಲಿಲ್ಲ. ಇದನ್ನು ಕೊಂಡರೆ ಅವಳು ಎಷ್ಟು ಓದಿದಳು ಅಂತ ಇನ್ನು ಯಾವತ್ತೂ ಯಾರೂ ನನಗೆ ಹೇಳುವುದಿಲ್ಲ. ಅದು ಹೊಳೆದಾಗ ಯಂತ್ರವನ್ನು ವಾಪಸ್ ಡಬ್ಬದ ಮೇಲಿಟ್ಟೆ. ಇನ್ನೊಂದನ್ನು ಕೊಂಡರೆ ನಾನೇ ಮೊದಲು ಫೋನ್ ಮಾಡಬೇಕು. ಅದಕ್ಕೆ ನನ್ನ ಮೂಗು ಒಪ್ಪುತ್ತಿರಲಿಲ್ಲ, ನಮ್ಮ ಮನೆತನದ ಮೂಗು ಸ್ವಲ್ಪ ಉದ್ದವೇ.

“ಬಟನ್ ಇಲ್ದಿರೋದೇ ಕೊಡಪ್ಪ,” ಅಂದೆ.

ಪಕ್ಕದಲ್ಲಿದ್ದ ತಿರುಮಲೇಶ ಬಾಯಿ ಬಿಟ್ಟ. “ಏನಮ್ಮಾ ನೀನು! ಬಟನ್ ಬಟನ್ ಅಂತ ನಮ್ ಪ್ರಾಣ ತಿಂದ್ಬುಟ್ಟು ಈಗ…”

“ನಂಗೆ ಬೇಕಾದ್ದು ನಂಗೊತ್ತೈತೆ. ಸುಮ್ಕಿರ್ಲಾ.”

ಮನೆಗೆ ಬಂದು ನಾನು ಕುಚ್ಚು ಹಿಡಿದು ಕೂತೆ, ಮಗ ಯಂತ್ರಕ್ಕೆ ಜೀವ ತುಂಬಿದ. ಓಟಿಪಿ ಕಲ್ಯಾಣದುರ್ಗಕ್ಕೆ ಹೋಯಿತು. ಅವನು ಮೇಘನಾಳನ್ನು ಕೇಳಿ ನೋಡಿದ.

“ಅವ್ಳು ಅನಂತಪುರದಾಗವ್ಳಂತೆ. ಫೋನು ಅತ್ತೆ ತಾವೇ ಐತಂತೆ. ನೀನೇ ಮಾಡ್ಬೇಕಮ್ಮಾ.”

ನಾನೇ ಮಾಡಿದೆ. ಮೊದಲ ರಿಂಗಿಗೇ ಎತ್ತಿಕೊಂಡಳು.

“ಅತ್ತಿಗೇ, ನಾನು ಉಮಾ,” ಅಂದೆ. ಶಾಲೆಯ ಕಾಲದಿಂದ ಅವಳನ್ನು ಹೆಸರು ಹಿಡಿದೇ ಕರೆದವಳು ನಾನು. ಆ ‘ಅತ್ತಿಗೆ’ ಬಾಯಲ್ಲಿ ಬಂದಾಗ ನನಗೇ ಅಳು ಬಂತು. “ನಿಮ್ಮ ಫೋನ್‌ಗೆ ಒಂದು ನಂಬರ್ ಬಂದಿರ್ತದೆ.”

“ಬಂದೈತೆ,” ಅಂದಳು. “ನಾಲುಗು, ತೊಮ್ಮಿದಿ, ಸುನ್ನಾ…”

ಲೆಕ್ಕ ಕಲಿತದ್ದು ತೆಲುಗು ಶಾಲೆಯಲ್ಲಿ, ನಮ್ಮಿಬ್ಬರಿಗೂ ಅಂಕಿ ತೆಲುಗಿನಲ್ಲೇ ಬಾಯಿಗೆ ಬರುತ್ತದೆ. ಪಕ್ಕದಲ್ಲಿ ಕೂತು ಮಗ್ಗಿ ಒಪ್ಪಿಸುತ್ತಿದ್ದ ಅದೇ ದನಿ. ಮಗ ಅಂಕಿಗಳನ್ನು ಒತ್ತಿದ. ಯಂತ್ರ ಒಪ್ಪಿಕೊಂಡಿತು. ಕೆಲಸ ಮುಗಿದಿತ್ತು. ಅವಳು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ.

ಪುಸ್ತಕಗಳು ಒಂದೊಂದಾಗಿ ಬಂದು ಕೂತವು. ಕೊನೆಯ ಪುಸ್ತಕದ ಮೇಲೆ ಬೆರಳಿಟ್ಟೆ. ತಿಂಗಳುಗಳೇ ಆಗಿದ್ದವು, ಅವಳು ಇದನ್ನು ಎಂದೋ ಮುಗಿಸಿರುತ್ತಾಳೆ, ಈಗ ಪ್ರಶ್ನೆ ಬರುತ್ತದೆ ಅಂತ ಕಾದೆ. ನಾನು ನಿಲ್ಲಿಸಿದ್ದ ಪುಟ ತೆರೆಯಿತು. ಪ್ರಶ್ನೆ ಬರಲಿಲ್ಲ. ಮುಚ್ಚಿ ಮತ್ತೆ ತೆರೆದೆ. ಆಗಲೂ ಬರಲಿಲ್ಲ.

“ಏನೂ ಕೇಳ್ತಾ ಇಲ್ವಲ್ಲ ಇದು,” ಅಂದೆ ಗಾಬರಿಯಿಂದ. “ನೀನು ಮುಂದಕ್ಕೆ ಓದಿಲ್ವೇನೇ?”

“ಹೆಂಗೆ ಓದ್ಲೇ? ನೀನು ಆ ಪುಟದಾಗೇ ನಿಂತ್ಬುಟ್ಯಲ್ಲ. ನಾನೂ ಅಲ್ಲಿಗಂಟ ಬಂದು ಕೂತ್ಕಂಡೆ. ದಿನಾ ತೆಗ್ದು ನೋಡೋದು, ಮುಚ್ಚೋದು. ಉಮಾಗೆ ಏನಾಯ್ತೋ ಅಂತ ನಿಮ್ಮಣ್ಣನ್ನ ಕೇಳ್ದೆ. ಚೆಂದಾಗವ್ಳೆ ಅಂದ್ರು. ಚೆಂದಾಗಿದ್ರೆ ಯಾಕೆ ಓದ್ತಿಲ್ಲ, ಅದೂ ನಂಗಿಂತ ಮುಂದೆ ಹೋದೋಳು, ಅನ್ಕಂತಿದ್ದೆ.”

ಮಗ ಎದ್ದು ಹೊರಗೆ ಹೋದ.

“ಹೊಸಾದಕ್ಕೆ ಬಟನ್ ಐತಾ?” ಕೇಳಿದಳು ಬನಶ್ರೀ.

“ಇಲ್ಲ.”

“ಬಟನ್ ಇಲ್ದೆ ಹೆಂಗೆ ಓದ್ತೀಯೇ, ಕುಚ್ಚು ಕಟ್ಕಂಡು? ಇರೋದು ಸಿಗ್ಲಿಲ್ವಾ?”

“ಸಿಕ್ತು. ಅದ್ರಾಗೆ ನೀನಿರ್ಲಿಲ್ಲ.”

ಆ ಕಡೆಯಿಂದ ಬಹಳ ಹೊತ್ತು ಮೂಗು ಸೀಟುವ ಸದ್ದು ಬಂತು. ಆಮೇಲೆ, “ತಿರುಗ್ಸು ಪುಟ,” ಅಂದಳು. “ನಾನೂ ತಿರುಗಿಸ್ತೀನಿ.”

ಕೈಗೆ ಸುತ್ತಿಕೊಂಡಿದ್ದ ರೇಷ್ಮೆ ಎಳೆ ಬಿಡಿಸಿ ಪಕ್ಕಕ್ಕಿಟ್ಟು, ಬೆರಳಿನಿಂದ ಪುಟ ತಿರುಗಿಸಿದೆ.