ಅಳತೆ ತಪ್ಪಿದ ಒಂಬತ್ತು ದಿನ

ನನ್ನ ಬಾಯಿ ಸರಿಯಿಲ್ಲ ಅಂತ ಚಿಕ್ಕರಸಿನಕೆರೆಯ ನಮ್ಮಮ್ಮನಿಂದ ಹಿಡಿದು ಮಂಡ್ಯದಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯ ಆಯಾವರೆಗೆ ಎಲ್ಲರೂ ಹೇಳುತ್ತಾರೆ. ನನಗೂ ಗೊತ್ತು. ದಿನಕ್ಕೆ ಅರವತ್ತು ಜನ ಕ್ಯಾನ್ಸರ್ ರೋಗಿಗಳನ್ನು ಯಂತ್ರದ ಕೆಳಗೆ ಮಲಗಿಸಿ ಎಬ್ಬಿಸಬೇಕು. ಬೆಣ್ಣೆಯಂಥ ಮಾತಾಡಿಕೊಂಡು ಕೂತರೆ ಸಂಜೆ ಊರಿಗೆ ಬಸ್ಸು ಸಿಗುವುದಿಲ್ಲ. ಬಹಳ ವರ್ಷ ಹಾಗೇ ಸಮಾಧಾನ ಹೇಳಿಕೊಂಡಿದ್ದೆ.

ನನ್ನ ಹೆಸರು ವೀಣ, ರೇಡಿಯೇಷನ್ ಟೆಕ್ನಿಷಿಯನ್. ರೋಗಿಗಳ ಬಾಯಲ್ಲಿ ‘ಕರೆಂಟು ಕೊಡೋ ಅಮ್ಮ’. ಅದು ಕರೆಂಟಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ಯಂತ್ರದ ಒಳಗೆ ತೋಳುದ್ದದ ಒಂದು ತಾಮ್ರದ ಕೊಳವೆ ಇದೆ. ಅದರಲ್ಲಿ ಎಲೆಕ್ಟ್ರಾನ್‌ಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡಿಸಿ ಒಂದು ಲೋಹದ ಬಿಲ್ಲೆಗೆ ಗುದ್ದಿಸುತ್ತೇವೆ. ಅಲ್ಲಿ ಹುಟ್ಟುವ ಕಿರಣ ಮೈಯೊಳಗಿನ ಗಡ್ಡೆಯನ್ನು ಸುಡುತ್ತದೆ. ವಿಜ್ಞಾನಿಗಳು ಪರಮಾಣುವಿನ ಒಳಗೇನಿದೆ ಅಂತ ನೋಡಲು ನೆಲದಡಿಯಲ್ಲಿ ಮೈಲಿಗಟ್ಟಲೆ ಕಟ್ಟಿರುವುದೂ, ಕೇಬಲ್ ಕಾರ್ಖಾನೆಯಲ್ಲಿ ವೈರಿನ ಹೊದಿಕೆ ಗಟ್ಟಿ ಮಾಡುವುದೂ ಇದೇ ಜಾತಿಯ ಯಂತ್ರಗಳು ಅಂತ ನಮ್ಮ ಭೌತವಿಜ್ಞಾನಿ ಶಶಿಧರ್ ಹೊಸ ನರ್ಸುಗಳು ಬಂದಾಗಲೆಲ್ಲ ಪಾಠ ಮಾಡುತ್ತಾರೆ.

ಆದರೆ ಆ ಕಿರಣಕ್ಕೆ ಗಡ್ಡೆ ಯಾವುದು, ಒಳ್ಳೆಯ ಮಾಂಸ ಯಾವುದು ಅಂತ ಗೊತ್ತಾಗುವುದಿಲ್ಲ. ನಾವು ತೋರಿಸಿದ ಕಡೆ ಬೀಳುತ್ತದೆ, ಅಷ್ಟೆ. ಅದಕ್ಕಾಗಿ ರೋಗಿಯ ಹೊಟ್ಟೆಯ ಮೇಲೆ ಒಂದು, ಎರಡು ಪಕ್ಕಕ್ಕೆ ಒಂದೊಂದು, ಕೂಡುವ ಚಿಹ್ನೆಯಂಥ ಗುರುತು ಹಾಕುತ್ತೇವೆ. ಗೋಡೆಯಿಂದ ಬರುವ ಕೆಂಪು ಬೆಳಕಿನ ಗೆರೆಗೆ ಆ ಗುರುತು ಕೂಡಿದರೆ ರೋಗಿ ಸರಿಯಾಗಿ ಮಲಗಿದ್ದಾರೆ ಅಂತ ಅರ್ಥ. ನಮ್ಮ ಶಾಯಿ ಹಾಕಿದಾಗ ಕಪ್ಪಗಿರುತ್ತದೆ, ಎರಡು ದಿನಕ್ಕೆ ಕಂದು ಬಣ್ಣಕ್ಕೆ ತಿರುಗುತ್ತದೆ, ಸೋಪು ಹಾಕಿ ಉಜ್ಜಿದರೆ ಹೋಗಿಬಿಡುತ್ತದೆ.

ಬೆಳಕವಾಡಿಯ ದೇವಿರಮ್ಮ ಒಂದು ದಿನ ಎಣ್ಣೆ ನೀರು ಹಾಕಿಕೊಂಡು ಮೂರೂ ಗುರುತು ಅಳಿಸಿಕೊಂಡು ಬಂದರು. ಮತ್ತೆ ಸ್ಕ್ಯಾನು, ಮತ್ತೆ ಅಳತೆ, ಮೂರು ದಿನದ ಕೆಲಸ. ನನಗೆ ರೇಗಿಹೋಯಿತು.

“ಏನಜ್ಜಿ, ತಲೆ ನೆಟ್ಟಗೈತಾ ನಿಂಗೆ? ಗೆರೆ ಅಳಿಸ್ಕಂಡ್ ಬಂದ್ರೆ ಎಲ್ಲಿಗ್ ಕೊಡಾನ, ನಿನ್ ತಲೆಗ್ ಕೊಡಾನ? ಇನ್ನೊಂದ್ ಸಲ ಇಂಗ್ ಮಾಡುದ್ರೆ ಒಳೀಕೇ ಬುಡಾಕಿಲ್ಲ ಕಣಜ್ಜಿ!”

ಅಜ್ಜಿ ಸೆರಗು ಬಾಯಿಗಿಟ್ಟುಕೊಂಡು ಅಳುತ್ತಾ ಹೋದರು. ಎದುರು ಬೆಂಚಿನಲ್ಲಿ ಮದ್ದೂರಿನ ಮಹಬೂಬ್ ಬೀ, ಅವರ ಮಗಳು ಮಿಸ್ಬಾ ಕೂತು ಇದನ್ನೆಲ್ಲ ನೋಡುತ್ತಿದ್ದರು. ನಾನು ಅವರ ಮುಖ ನೋಡಲಿಲ್ಲ.

ಮಹಬೂಬ್ ಬೀಗೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಇಪ್ಪತ್ತೈದು ದಿನ ಬರಬೇಕಿತ್ತು. ಗಂಡ ಅಫ್ಸರ್ ಪಾಷಾ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವವರು, ಅಂಗಡಿ ಮುಚ್ಚಿ ಬರಲಾಗದು. ಹಾಗಾಗಿ ಇಪ್ಪತ್ತು ವರ್ಷದ ಮಿಸ್ಬಾಳೇ ದಿನವೂ ಕರೆತರುತ್ತಿದ್ದಳು. ಮದುವೆ ಮನೆಗಳಲ್ಲಿ ಮೆಹಂದಿ ಹಾಕುವ ಹುಡುಗಿ. ಎಡಗೈಯಲ್ಲಿ ಬಿಡಿಸಿದ್ದನ್ನು ಬಲಗೈಯಲ್ಲಿ ನೋಡದೆಯೇ ಬಿಡಿಸುತ್ತಾಳೆ ಅಂತ ತಾಯಿಗೆ ಹೆಮ್ಮೆ. ನಮ್ಮ ಆಯಾ ಮರಿತಾಯಮ್ಮನ ಅಂಗೈಗೂ ಒಂದು ನವಿಲು ಹಾಕಿದ್ದಳು.

ರಂಜಾನ್ ಹಬ್ಬಕ್ಕೆ ಒಂದು ದಿನ ರಜೆ. ಮರುದಿನ ಮಹಬೂಬ್ ಬೀ ಬಂದು ಮಲಗಿದಾಗ ಗುರುತುಗಳು ಚೊಕ್ಕವಾಗಿ, ಕಂದು ಬಣ್ಣದಲ್ಲಿ ಎದ್ದು ಕಾಣುತ್ತಿದ್ದವು. ಬೆಳಕಿನ ಗೆರೆಗೆ ಕೂಡಿಸಿ, ಹೊರಗೆ ಬಂದು ಬಾಗಿಲು ಹಾಕಿ, ಕಂಪ್ಯೂಟರಿನ ಮುಂದೆ ಕೂತೆ. ಕುಯ್ಯಿ ಅಂತು. ಮೇಜು ನಿಂತಿರುವ ಜಾಗ ಮೊದಲಿನ ಅಳತೆಗೆ ಹೊಂದುತ್ತಿಲ್ಲ, ಮುಂದುವರಿಸಬೇಕೆ ಅಂತ ಕೇಳಿತು.

ರೋಗಿ ಮೇಜಿನ ಮೇಲೆ ಒಂದಿಷ್ಟು ಮೇಲೆ ಕೆಳಗೆ ಮಲಗಿದರೂ ಅದು ಹಾಗೇ ಕೂಗುತ್ತದೆ. ಗುರುತು ಸರಿಯಿದೆಯಲ್ಲ ಅಂದುಕೊಂಡು ‘ಹೌದು’ ಒತ್ತಿದೆ. ಮರುದಿನವೂ ಕೇಳಿತು, ಮರುದಿನವೂ ಒತ್ತಿದೆ. ಕಿರಣ ಸರಿಯಾದ ಜಾಗಕ್ಕೆ ಬೀಳುತ್ತಿದೆಯೇ ಅಂತ ವಾರಕ್ಕೊಮ್ಮೆ ಚಿತ್ರ ತೆಗೆದು ನೋಡುವ ಯಂತ್ರದ ತಟ್ಟೆ ಕೆಟ್ಟು ಕೂತಿತ್ತು, ಅದರ ಇಂಜಿನಿಯರು ಚೆನ್ನೈಯಿಂದ ಬರಬೇಕಿತ್ತು. ಹೊರಗೆ ಐವತ್ತು ಜನ ಕಾಯುತ್ತಿದ್ದರು.

ಬೇರೆಯವರ ಗುರುತು ಎರಡು ಮೂರು ದಿನಕ್ಕೊಮ್ಮೆ ಮಾಸಿ ತಿದ್ದಬೇಕಾಗುತ್ತದೆ. ಮಹಬೂಬ್ ಬೀಯದು ಮಾಸಲೇ ಇಲ್ಲ. “ನೋಡ್ರವ್ವಾ, ಗೆರೆ ಇಟ್ಕಂಡ್ರೆ ಈ ಮಹಬೂಬಮ್ಮನ ತರ ಇಟ್ಕಬೇಕು” ಅಂತ ಎಲ್ಲರ ಎದುರು ಹೊಗಳಿದೆ. ಅವರು ನಗಲಿಲ್ಲ. ಮಿಸ್ಬಾ ತಲೆ ತಗ್ಗಿಸಿದಳು. ನಾಚಿಕೆ ಅಂದುಕೊಂಡೆ. ಎಂಥಾ ದಡ್ಡಿ ನಾನು.

ತಟ್ಟೆ ರಿಪೇರಿಯಾದದ್ದು ಒಂಬತ್ತು ದಿನದ ಮೇಲೆ. ಶಶಿಧರ್ ಮಹಬೂಬ್ ಬೀಯ ಚಿತ್ರ ತೆಗೆದರು, ಅಳೆದರು, ಮತ್ತೆ ಅಳೆದರು. ಗುರುತು ಇರಬೇಕಾದ ಜಾಗಕ್ಕಿಂತ ಎರಡೂವರೆ ಸೆಂಟಿಮೀಟರ್ ಕೆಳಗೆ. ಒಂಬತ್ತು ದಿನವೂ, ಕ್ಯಾನ್ಸರ್ ಹರಡಬಹುದಾದ ಮೇಲಿನ ಗ್ರಂಥಿಗಳಿಗೆ ಕಿರಣ ಬಿದ್ದೇ ಇರಲಿಲ್ಲ, ಬೀಳಬಾರದ ಕಡೆ ಬಿದ್ದಿತ್ತು. ನಾನು ಒಳಗೆ ಓಡಿ ಸ್ಪಿರಿಟ್ ಹಾಕಿ ಹೊಟ್ಟೆಯ ಗುರುತನ್ನು ಉಜ್ಜಿದೆ. ಹೋಗಲಿಲ್ಲ. ಅದು ಮೆಹಂದಿ.

ಮಿಸ್ಬಾಳನ್ನು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋಗಿ ಕೇಳಿದೆ.

“ಹಬ್ಬದ ಸ್ನಾನದಲ್ಲಿ ಅಮ್ಮಿ ಮೈ ಉಜ್ಕೊಂಡ್ಬಿಟ್ರು ಮೇಡಂ. ಗೆರೆ ಎಲ್ಲಾ ಹೋಯ್ತು. ಆ ಅಜ್ಜಿಗೆ ನೀವು ಬಯ್ದಿದ್ದು ನೋಡಿದ್ರಲ್ಲಾ, ಇನ್ಮೇಲೆ ಆಸ್ಪತ್ರೆಗೇ ಬರಲ್ಲ ಅಂದ್ರು. ಹಬ್ಬದ ಮೆಹಂದಿ ಕೋನ್ ಉಳಿದಿತ್ತು, ಅದಕ್ಕೆ ನಾನೇ ಹಾಕ್ದೆ. ಎಲ್ಲಿತ್ತು ಅಂತ ನಂಗೆ ಸರಿಯಾಗಿ ನೆನಪಿತ್ತು ಮೇಡಂ.” ಆಮೇಲೆ ನನ್ನ ಕೈ ಹಿಡಿದುಕೊಂಡಳು. “ಜಾಗ ತಪ್ಪಿದೆ ಅಂತ ಅಮ್ಮಿಗೆ ಮಾತ್ರ ಹೇಳ್ಬೇಡಿ.”

ಶಶಿಧರ್ ವರದಿ ಬರೆದರು. ರೋಗಿಯ ಮಗಳು ಗುರುತುಗಳನ್ನು ತಾನೇ ಬರೆದದ್ದರಿಂದ ತಪ್ಪಾಗಿದೆ, ಅಂತ. ಕಂಪ್ಯೂಟರಿನಲ್ಲಿ ಒಂಬತ್ತು ಎಚ್ಚರಿಕೆಗಳು, ಅವುಗಳ ಮುಂದೆ ನನ್ನ ಹೆಸರಿನ ಒಂಬತ್ತು ‘ಹೌದು’ಗಳು ಇದ್ದವು. ಅದನ್ನೂ ನೋಡಿದರು.

“ಬುಡು ವೀಣ, ಎಲ್ರೂ ಒತ್ತದೇಯ. ಇದ್ನೂ ಬರುದ್ರೆ ನಿನ್ ಕೆಲ್ಸ ಓಯ್ತದೆ” ಅಂದರು.

ನಾನು ಬಿಟ್ಟೆ. ಒಂದೇ ಒಂದು ಮಾತು ಸಾಕಿತ್ತು, ಆ ಹುಡುಗಿಗೆ ಹೇಳಲಿಲ್ಲ. ಯಂತ್ರ ನನ್ನನ್ನು ಒಂಬತ್ತು ಸಲ ಕೇಳಿತ್ತು, ಮೊದಲ ದಿನವೇ ಎದ್ದು ಹೋಗಿ ಅಳೆದಿದ್ದರೆ ಅಂದೇ ಗೊತ್ತಾಗುತ್ತಿತ್ತು. ತಪ್ಪನ್ನೆಲ್ಲ ಅವಳ ತಲೆಗೆ ಕಟ್ಟಿ ಸಂಜೆ ಐದೂವರೆಯ ಬಸ್ಸು ಹತ್ತಿದೆ.

ಡಾಕ್ಟರು ಹೊಸದಾಗಿ ಅಳತೆ ಮಾಡಿಸಿ ಇನ್ನಷ್ಟು ದಿನ ಕಿರಣ ಕೊಡಿಸಿದರು. ಯಾಕೆ ಹೆಚ್ಚು ದಿನ ಅಂತ ಮಹಬೂಬ್ ಬೀ ಕೇಳಲೇ ಇಲ್ಲ. ಏಳು ತಿಂಗಳ ಮೇಲೆ ಸ್ಕ್ಯಾನಿನಲ್ಲಿ ಮೇಲಿನ ಗ್ರಂಥಿಗಳಲ್ಲಿ ಗಂಟು ಕಂಡಿತು. ಇದು ಅದರಿಂದಲೇ ಬಂದದ್ದು ಅಂತ ಹೇಳಲಾಗದು ಅಂದರು ಡಾಕ್ಟರು. ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮತ್ತೆ ಮೂರು ತಿಂಗಳಿಗೆ ಅವರು ಹೋದರು ಅಂತ ಮರಿತಾಯಮ್ಮ ಬಂದು ಹೇಳಿದಾಗ ಹಿಡಿದುಕೊಳ್ಳಲು ಏನೂ ಉಳಿಯಲಿಲ್ಲ.

ನಲವತ್ತನೇ ದಿನದ ಶಾಸ್ತ್ರ ಕಳೆದ ಮೇಲೆ ಮದ್ದೂರಿಗೆ ಹೋದೆ. ಮಹಬೂಬ್ ಬೀಯ ತಂಗಿ ನಾಜಿಮಾ ಬಾಗಿಲು ತೆಗೆದು, ಚಾಪೆ ಹಾಕಿ, ಟೀ ಮಾಡಲು ಒಳಗೆ ಹೋದರು. ಮಿಸ್ಬಾ ಬಂದು ಎದುರು ಕೂತಳು. ಅರ್ಧಕ್ಕರ್ಧ ಇಳಿದುಹೋಗಿದ್ದಳು. ಅಂಗೈ ಬರಿದಾಗಿತ್ತು.

“ನಿನ್ ತಪ್ಪಲ್ಲ ಕಣವ್ವ” ಅಂದೆ. “ಅಳತೆ ಹೊಂದ್ತಿಲ್ಲ ಅಂತ ಮಿಷನ್ನು ನಂಗೆ ದಿನಾ ಏಳ್ತಿತ್ತು. ನಾನೇ ಪರವಾಗಿಲ್ಲ ಅಂತ ಒತ್ತಿ ಒತ್ತಿ ಕೊಟ್ಟೆ. ನೀನು ಬರುದ್ರೂನುವೆ ತಪ್ಪ ನಾನು ಕಂಡ್ ಇಡೀಬೇಕಿತ್ತು. ಮಿಷನ್ನು ಕೇಳಾದೇ ಅದುಕ್ಕೆ.”

“ಒಂಬತ್ತು ದಿನಾನೂ ಹೇಳ್ತಾ?”

“ಒಂಬತ್ತು ದಿನಾನೂವೆ.”

ಅವಳು ಬಯ್ಯುತ್ತಾಳೆ ಅಂದುಕೊಂಡೆ. ಬಯ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

“ಮುಂಚೇನೇ ಹೇಳ್ಬಾರ್ದಿತ್ತಾ ಮೇಡಂ” ಅಂದಳು. “ಕೊನೇ ಮೂರು ತಿಂಗಳು ನಾನು ಅಮ್ಮಿನ ಮುಟ್ಟೇ ಇಲ್ಲ. ನನ್ ಕೈ ತಾಗಿದ್ರೆ ಇನ್ನೇನಾಗುತ್ತೋ ಅಂತ ಭಯ. ಊಟ ತಿನ್ಸೋದು, ಬಟ್ಟೆ ಬದಲಾಯ್ಸೋದು ಎಲ್ಲಾ ನಾಜಿಮಾ ಖಾಲಾನೇ ಮಾಡಿದ್ರು. ನಾನು ಬಾಗಿಲಲ್ಲೇ ನಿಂತಿರ್ತಿದ್ದೆ.”

ನಾಜಿಮಾ ಟೀ ತಂದಿಟ್ಟು ಒಳಗೆ ಹೋದರು.

“ಆ ಕಾಯಿಲೇಲಿ ವಾಸನೆ ಬರುತ್ತಲ್ಲಾ, ಅದಕ್ಕೇ ಅಸಹ್ಯ ಪಟ್ಕೊಂಡು ದೂರ ನಿಲ್ತಾಳೆ ಅಂತ ಅಮ್ಮಿ ತಿಳ್ಕೊಂಡಿದ್ರು. ಹೋಗೋ ದಿನ ಬೆಳಿಗ್ಗೆ ಖಾಲಾ ಕೈಲಿ ಮೈಗೆಲ್ಲಾ ಸೆಂಟು ಹಚ್ಚಿಸ್ಕೊಂಡ್ರು. ಈಗ ಮಿಸ್ಬಾನ ಕರಿ, ಬರ್ತಾಳೇನೋ ಅಂದ್ರು.”

“ಅಮ್ಮನ್ ತಾವ್ಕೆ ಓದ್ಯಾ?” ಅಂತ ಕೇಳಿದೆ.

ಮಿಸ್ಬಾ ಇಲ್ಲ ಅಂತ ತಲೆಯಾಡಿಸಿದಳು.