ತಪ್ಪು ಲಕೋಟೆ ಒಡೆದವಳು

"ಇನ್ನೊಂದು ಚೂರು ತಳ್ಳಿ... ಸಾಕು, ಸಾಕು. ಈಗ ಗುಂಡಿ ಒತ್ತು!" ಎಂದು ಸೋದರಮಾವ ಹೇಳಿದ್ದೇ ತಡ, ಲಿಫ್ಟಿನ ಬಾಗಿಲು ಅರ್ಧ ಮುಚ್ಚಿತು. ಏನೋ ಮರೆತವರಂತೆ ಕ್ಷಣ ನಿಂತಿತು. ಮತ್ತೆ ತೆರೆದುಕೊಂಡಿತು. ಒಳಗೆ ಅಮ್ಮನ ಶವಪೆಟ್ಟಿಗೆ, ಪಕ್ಕದಲ್ಲಿ ಮಗಳು. ಆರನೇ ಸಲವೂ ಹಾಗೇ ಆದಾಗ ಮಾವ ಸೋತು ಮೆಟ್ಟಿಲ ಮೇಲೆ ಕುಳಿತರು.

"ನಮ್ಮಕ್ಕನಿಗೆ ಹೊರಡೋ ಮನಸ್ಸಿಲ್ಲ ಕಣೇ. ಬದುಕಿದ್ದಾಗ್ಲೂ ಅಷ್ಟೇ, ಬಾಗಿಲ ಹತ್ರ ನಿಂತು ಅರ್ಧ ಗಂಟೆ ಹರಟೆ ಹೊಡೆದ ಮೇಲೇ ಕಾಲು ತೆಗೀತಿದ್ದಳು."

ಮೆಟ್ಟಿಲಿನ ತಿರುವುಗಳಲ್ಲಿ ಪೆಟ್ಟಿಗೆ ಹಿಡಿಸುವುದಿಲ್ಲವೆಂದು ಬೆಳಿಗ್ಗೆಯೇ ಅಳತೆ ಹಿಡಿದು ನೋಡಿಯಾಗಿತ್ತು. ಇದ್ದ ದಾರಿ ಇದೊಂದೇ. ಯಾರೋ ಲಿಫ್ಟ್ ಕಂಪನಿಗೆ ಫೋನು ಮಾಡಿದರು. ಮಗಳು ಮೂರು ರಾತ್ರಿಯಿಂದ ಕಣ್ಣು ಮುಚ್ಚಿರಲಿಲ್ಲ. ಮಂಜುಗಾಜಿನ ಕಿಟಕಿಯಿಂದ ಬೀಳುವ ಬಿಸಿಲು, ಆರನೇ ಮಹಡಿಯ ಪಡಸಾಲೆಯಲ್ಲಿ ಗುಂಪಾಗಿ ನಿಂತ ಜನ, ಅವರ ಪಿಸುಮಾತು, ಎಲ್ಲವೂ ಅವಳಿಗೆ ನೀರಿನೊಳಗೆ ಕೂತು ನೋಡಿದಂತೆ ಕಾಣುತ್ತಿತ್ತು. ಸ್ಪಷ್ಟವಾಗಿ ಉಳಿದಿದ್ದು ಒಂದೇ ಸಂಗತಿ. ಅಮ್ಮನಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಾಗಲಿಲ್ಲ.

*

ಮೂವತ್ತೆರಡು ವರ್ಷ ಅಮ್ಮ ಪ್ರೌಢಶಾಲೆಯ ಮಕ್ಕಳಿಗೆ ಮುಂದೇನು ಓದಬೇಕು, ಯಾವ ಕೆಲಸಕ್ಕೆ ಯಾವ ದಾರಿ ಎಂದು ತೋರಿಸುತ್ತ ಬಂದವಳು. ಬರೀ ಬಾಯಿಮಾತಿನ ಉಪದೇಶ ಅವಳಿಗೆ ಆಗಿಬರುತ್ತಿರಲಿಲ್ಲ. ಕೊನೆಯ ವರ್ಷದ ಪ್ರತಿಯೊಬ್ಬರ ಕೈಗೂ ಅಂಟಿಸಿದ ಒಂದು ಲಕೋಟೆ ಕೊಡುತ್ತಿದ್ದಳು. ಒಳಗೊಂದು ವಿಳಾಸ, ಅಲ್ಲಿಯವರಿಗೊಂದು ಪತ್ರ. ಬಸ್ಸು ಹತ್ತಿದ ಮೇಲೇ ಒಡೆಯಬೇಕು. ಮೊದಲೇ ಒಡೆದರೆ ಗೆಳೆಯರೆಲ್ಲ ಸೇರಿ ತಮ್ಮತಮ್ಮಲ್ಲೇ ಬದಲಾಯಿಸಿಕೊಂಡುಬಿಡುತ್ತಾರೆ. ಇಡೀ ದಿನ ಆ ಕೆಲಸದವರ ಪಕ್ಕದಲ್ಲಿ ನಿಲ್ಲಬೇಕು, ಊಟವನ್ನೂ ಅವರ ಜೊತೆಗೇ ಮಾಡಬೇಕು.

"ಊಟದ ಹೊತ್ತಲ್ಲಿ ಯಾರೂ ತಮ್ಮ ಕೆಲಸದ ಬಗ್ಗೆ ಸುಳ್ಳು ಹೇಳಲ್ಲ," ಎನ್ನುತ್ತಿದ್ದಳು.

ಹಾಸಿಗೆ ಹಿಡಿದ ಮೇಲೆ ಮಧ್ಯಾಹ್ನಗಳಲ್ಲಿ ಅವಳ ಮಾತು ನಿದ್ದೆಗೂ ಎಚ್ಚರಕ್ಕೂ ನಡುವೆ ಓಡಾಡುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ ಮಗಳ ಮಣಿಕಟ್ಟು ಹಿಡಿದಳು.

"ಆ ಹುಡುಗಿ ಏನಾದಳೋ?"

"ಯಾವ ಹುಡುಗಿ ಅಮ್ಮ?"

"ಲಕೋಟೆ ಅಂಟಿಸುವಾಗ ಅದಲುಬದಲು ಮಾಡಿಬಿಟ್ಟೆ. ಎಲ್ಲಿಗೋ ಹೋಗಬೇಕಾದ ಮಗು ಇನ್ನೆಲ್ಲಿಗೋ ಹೋಯ್ತು. ಆಮೇಲೆ ನನ್ನ ಮುಖಾನೇ ನೋಡಲಿಲ್ಲ. ಮನೆಗೆ ಹೋದೆ, ಬಾಗಿಲು ತೆಗೀಲಿಲ್ಲ. ಈಗ ಹೆಸರೂ ನೆನಪಾಗ್ತಿಲ್ಲ. ಸಾವಿರ ಮಕ್ಕಳಿಗೆ ದಾರಿ ತೋರಿಸಿದೆ ಅಂತಾರೆ. ಒಂದು ಮಗೂನ ಹಾಳು ಮಾಡಿದೀನಿ ಕಣೇ. ಹುಡುಕಿ ಹೇಳ್ತೀಯಾ?"

ಹುಡುಕುತ್ತೇನೆ ಎಂದಿದ್ದಳು ಮಗಳು. ಶಾಲೆಗೆ ಬರೆದಳು, ಕೈಗೆ ಸಿಕ್ಕ ಕೆಲವು ಹಳಬರನ್ನು ಕೇಳಿದಳು. ಯಾರಿಗೂ ಗೊತ್ತಿರಲಿಲ್ಲ. ಅಮ್ಮ ದಿನಾ ಕೇಳುತ್ತಿದ್ದಳು. ಮೊನ್ನೆ ಬೆಳಿಗ್ಗೆ ಮಾತ್ರ ಕೇಳಲಿಲ್ಲ.

*

ಮೆಕ್ಯಾನಿಕ್ ಬಂದಾಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಹೆಲ್ಮೆಟ್ಟು, ನೀಲಿ ಸಮವಸ್ತ್ರ, ಹೆಗಲಿಗೆ ಸಾಮಾನಿನ ಚೀಲ. ನಲವತ್ತೈದು ದಾಟಿದ ಹೆಂಗಸು. ಪೆಟ್ಟಿಗೆಯನ್ನು ಕಂಡದ್ದೇ ಹೆಲ್ಮೆಟ್ಟು ತೆಗೆದು ಕೈಮುಗಿದಳು. ಆಮೇಲೆ ಬಾಗಿಲ ಮೇಲಿನ ಪಟ್ಟಿ ಬಿಚ್ಚಿ ಕೆಲಸಕ್ಕೆ ಕೈಹಾಕಿದಳು.

ಹೊರಗೆ ಪಶುವೈದ್ಯರೊಬ್ಬರ ಮಾತು ರಂಗೇರಿತ್ತು. ಅಮ್ಮನ ಹಳೆಯ ವಿದ್ಯಾರ್ಥಿ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ.

"ನಾನು ಈ ಕೆಲಸಕ್ಕೆ ಬಂದಿದ್ದೇ ಮೇಡಂ ಮಾಡಿದ ತಪ್ಪಿಂದ! ಮೆಷಿನ್ನು ಅಂದ್ರೆ ಪ್ರಾಣ ಬಿಡ್ತಿದ್ದೆ ನಾನು. ಬಸ್ಸಲ್ಲಿ ಲಕೋಟೆ ಒಡೀತೀನಿ, ಪ್ರಾಣಿಗಳ ಆಸ್ಪತ್ರೆ! ಹೋದ ಗಂಟೆಗೇ ಒಂದು ನಾಯಿಮರಿ ಕಚ್ಚಿಬಿಡ್ತು. ಆವತ್ತಿಂದ ಬಿಟ್ಟಿಲ್ಲ ನೋಡಿ. ಪಾಪ, ಅಲ್ಲಿಗೆ ಹೋಗಬೇಕಾಗಿದ್ದ ಹುಡುಗಿ ನನ್ನ ಲಕೋಟೆ ಹಿಡ್ಕೊಂಡು ಲಿಫ್ಟ್ ರಿಪೇರಿ ಅಂಗಡಿಗೆ..."

ಮಾತು ಅಲ್ಲಿಗೇ ನಿಂತಿತು. ಅವರೂ ಮಗಳೂ ಒಟ್ಟಿಗೇ ಬಾಗಿಲ ಕಡೆ ತಿರುಗಿದರು.

"ಹೂಂ, ನಾನೇ," ಎಂದಳು ಮೆಕ್ಯಾನಿಕ್, ಸ್ಕ್ರೂ ತಿರುಗಿಸುತ್ತಲೇ. "ನೀನು ಆವಾಗ ಕಡ್ಡಿ ಥರ ಇದ್ದೆ ಕಣೋ."

ಮಗಳಿಗೆ ಮೊದಲು ಬಂದದ್ದು ಸಿಟ್ಟು. "ಈ ಬಿಲ್ಡಿಂಗಿಗೆ ಎಷ್ಟು ವರ್ಷದಿಂದ ಬರ್ತಿದ್ದೀರಿ?"

"ಹನ್ನೊಂದು."

"ಅಮ್ಮ ಇಲ್ಲಿರೋದು ಗೊತ್ತಿತ್ತಾ?"

"ಗೊತ್ತಿತ್ತು."

"ಒಂದು ಸಲ, ಒಂದೇ ಒಂದು ಸಲ ಬೆಲ್ ಮಾಡಬಾರದಿತ್ತಾ? ನಿಮ್ಮನ್ನ ಹಾಳು ಮಾಡಿದೆ ಅಂತ ಕೊರಗಿ ಕೊರಗಿ ಹೋದಳು ರೀ ನಮ್ಮಮ್ಮ!"

ಮೆಕ್ಯಾನಿಕ್‌ನ ಕೈ ನಿಂತಿತು. "ಹಾಳು ಮಾಡಿದೆ ಅಂತಾನಾ?" ಎಂದವಳು ಮತ್ತೆ ಪಟ್ಟಿಯೊಳಗೆ ಕೈಯಿಟ್ಟು ತಂತಿಯೊಂದನ್ನು ಎಳೆದು ನೋಡಿದಳು. ಕೊನೆಗೆ, "ಬಾಗಿಲಿನ ಬೀಗದ ತಂತಿ ಸುಟ್ಟಿದೆ," ಎಂದಳು. "ತಾನಾಗೇ ಓಡಲ್ಲ. ನಾನು ಮೇಲೆ ಕೂತು ಕೈಯಿಂದ ನಡೆಸಬೇಕು, ನಿಧಾನಕ್ಕೆ. ನಿಯಮದ ಪ್ರಕಾರ ಒಳಗೆ ಯಾರೂ ಇರೋ ಹಾಗಿಲ್ಲ."

"ಅಮ್ಮನ್ನ ಒಬ್ಬಳನ್ನೇ ಕಳಿಸಲ್ಲ."

"ಹಾಗಂತೀರಿ ಅಂತ ಗೊತ್ತಿತ್ತು. ಮೂಲೆಗೆ ನಿಂತ್ಕೊಳ್ಳಿ."

ಮಾವ, ಪಶುವೈದ್ಯರು, ಉಳಿದವರೆಲ್ಲ ಮೆಟ್ಟಿಲಿಳಿದು ಹೋದರು. ಮೆಕ್ಯಾನಿಕ್ ಬಾಗಿಲನ್ನು ಕೈಯಿಂದ ಎಳೆದು ಮುಚ್ಚಿ, ಲಿಫ್ಟಿನ ನೆತ್ತಿಗೆ ಹತ್ತಿದಳು. ಚಾವಣಿಯ ಚೌಕದ ಮುಚ್ಚಳ ಸರಿಯಿತು. ಅಲ್ಲಿಂದ ಒಂದು ತುಂಡು ಕತ್ತಲೂ ಅವಳ ಮುಖವೂ ಕಂಡವು. ಲಿಫ್ಟು ಅಲುಗಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ ಇಳಿಯತೊಡಗಿತು.

"ಮೇಡಂ," ಎಂದು ಶುರುಮಾಡಿದಳು. ಮಗಳಿಗಲ್ಲ, ಪೆಟ್ಟಿಗೆಗೆ. "ಆವತ್ತು ನನ್ನನ್ನ ಹೀಗೇ ನೆತ್ತಿ ಮೇಲೆ ಕೂರಿಸ್ಕೊಂಡು ಹೋದ್ರು. ಹಗ್ಗಗಳು ಹಾಡ್ತಿದ್ವು. ಗೋಡೆ ಆಚೆ ಒಂದೊಂದು ಮನೆ ಸದ್ದು ಬಂದು ಬಂದು ಹೋಗ್ತಿತ್ತು, ಕೆಮ್ಮು, ಮಗು ಅಳು, ಯಾರದೋ ನಗು. ಊಟಕ್ಕೂ ಕೆಳಗಿಳೀಲಿಲ್ಲ ನಾವು. ಸಂಜೆ ಮನೆಗೆ ಬಂದು ಅತ್ತುಬಿಟ್ಟೆ. ಪ್ರಾಣಿ ಡಾಕ್ಟ್ರಾಗ್ತೀನಿ ಅಂತ ಊರಿಗೆಲ್ಲ ಹೇಳ್ಕೊಂಡು ಬಂದಿದ್ನಲ್ಲ."

ಐದನೇ ಮಹಡಿಯ ಅಂಕಿ ಬಾಗಿಲಿನ ಕಿರುಗಾಜಿನಲ್ಲಿ ಮೇಲೇರಿ ಹೋಯಿತು. ನಾಲ್ಕೂ ಹೋಯಿತು.

"ಮತ್ತೆ ಅಮ್ಮನ ಹತ್ರ ಯಾಕೆ ಬರಲಿಲ್ಲ?" ಮಗಳ ಸಿಟ್ಟು ಆಗಲೇ ಕರಗಿತ್ತು.

"ಬಂದಿದ್ರೆ ಸರಿ ಮಾಡಿಬಿಡ್ತಿದ್ರಲ್ಲ! 'ಅಯ್ಯೋ ತಪ್ಪಾಯ್ತಮ್ಮ, ನಾಳೆ ಆಸ್ಪತ್ರೆಗೆ ಹೋಗು' ಅಂತ. ಆ ಭಯಕ್ಕೇ ಬಾಗಿಲು ತೆಗೀಲಿಲ್ಲ. ಆಮೇಲೆ ನಾಚಿಕೆ. ಮುಂದಿನ ಸಲ ಬೆಲ್ ಮಾಡೋಣ, ಮುಂದಿನ ಸಲ ಅಂತಾನೇ ಹನ್ನೊಂದು ವರ್ಷ ಹೋಯ್ತು."

ಮೂರು. ಎರಡು.

"ಒಂದು ಸಲ ಲಿಫ್ಟಲ್ಲೇ ಸಿಕ್ಕಿದ್ರು. ಅವರಿಗೆ ನನ್ನ ಗುರುತು ಸಿಗಲಿಲ್ಲ, ಹೆಲ್ಮೆಟ್ ಇತ್ತಲ್ಲ. 'ಈ ಕೆಲಸ ಇಷ್ಟಾನೇನಮ್ಮ?' ಅಂದ್ರು. ಎಲ್ಲರನ್ನೂ ಹಾಗೇ ಕೇಳೋರು. 'ಪ್ರಾಣ' ಅಂದೆ. 'ಸದ್ಯ' ಅಂತ ನಕ್ಕು ಇಳಿದು ಹೋದ್ರು."

ಮಗಳಿಗೆ ತಡೆಯಲಾಗಲಿಲ್ಲ. ಪೆಟ್ಟಿಗೆಯ ಮೇಲೆ ಎರಡೂ ಕೈ ಊರಿ, "ಕೇಳಿಸ್ತೇನಮ್ಮ?" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಮೇಲಿನಿಂದಲೂ ಮೂಗೊರೆಸಿಕೊಂಡ ಸದ್ದು ಬಂತು.

ಕಿರುಗಾಜಿನಲ್ಲಿ ನೆಲಮಹಡಿಯ ಬೆಳಕು ಮೂಡಿತು. ಹೊರಗೆ ಮಾವ, ಪಶುವೈದ್ಯರು, ಪೆಟ್ಟಿಗೆ ಹೊರಲು ಬಂದ ಕಪ್ಪು ಬಟ್ಟೆಯ ನಾಲ್ವರು, ಎಲ್ಲರೂ ಹೆಗಲು ಕೊಡಲು ಕೈ ಮುಂದೆ ಚಾಚಿ ನಿಂತಿದ್ದರು.

"ಇನ್ನೂ ಹೇಳೋದಿದೆಯಾ?" ಮಗಳು ತಲೆಯೆತ್ತಿ ಕೇಳಿದಳು.

"ಮೂವತ್ತು ವರ್ಷದ್ದಿದೆ."

"ಹಾಗಾದ್ರೆ ಮತ್ತೆ ಮೇಲಕ್ಕೇ ನಡೆಸಿ."

ಲಿಫ್ಟು ಒಮ್ಮೆ ಉಸಿರೆಳೆದುಕೊಂಡು ನಿಂತಿತು. ಆಮೇಲೆ, ಚಾಚಿದ ಕೈಗಳು ಚಾಚಿದಂತೆಯೇ ಗಾಜಿನಲ್ಲಿ ಮೆಲ್ಲಗೆ ಕೆಳಗೆ ಜಾರಿದವು. ಬಾಯಿ ತೆರೆದು ನೋಡುತ್ತಿದ್ದ ಮಾವನ ಮುಖ ಜಾರಿತು. ಕೊನೆಗೆ ಅವರ ಬೋಳುತಲೆಯೂ ಜಾರಿ ಹೋಯಿತು.